ಗಣಿ ನಡೆಸಿದ ಮನೆತನವೊಂದರ ದಾಖಲೆಗಳು

ಚರಿತ್ರೆಯ ಆಧಾರಗಳೆಂದೊಡನೆ ನಮ್ಮ ಮನಸ್ಸಿಗೆ ಹೊಳೆಯುವುವು ಶಿಲಾಶಾಸನ, ತಾಮ್ರಪಟ, ಸನದು, ನಿರೂಪ ಮೊದಲಾದುವು. ಇವೆಲ್ಲ ಬಹುಮಟ್ಟಿಗೆ ಆಳುವವರು ಬರೆಯಿಸಿದುವು. ವ್ಯಾಪಾರಸಂಸ್ಥೆಯ ಖಾತೆಪುಸ್ತಕವನ್ನೂ, ಮೇಲ್ವಿಚಾರಕನು ತನ್ನ ಯಜಮಾನರಿಗೆ ಕಳುಹಿಸಿದ ತಿಂಗಳ ವರದಿಯನ್ನೂ ಚರಿತ್ರೆಯ ಆಧಾರವೆಂದು ನಾವು ಎಣಿಸುವುದು ಅಪೂರ್ವ. ಆದರೆ ಕೋಲಾರದ ಚಿನ್ನದ ಗಣಿಗಳ ಕಥೆಯನ್ನು ಬರೆಯಹೊರಟವನಿಗೆ ಇಂಥ ಕಾಗದಪತ್ರಗಳಿಲ್ಲದೆ ಗತಿಯಿಲ್ಲ. ೧೮೮೦ ರಿಂದ ೧೯೫೬ ರವರೆಗೆ ಆ ಗಣಿಗಳ ಆಡಳಿತವನ್ನು ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಎಂಬುದು ಒಂದು ಮನೆತನದ ಸಂಸ್ಥೆ. ಆ ಮನೆತನದವರು ಕೋಲಾರಕ್ಕೆ ಬರುವುದಕ್ಕೆ ಮೊದಲೇ ಎಂಬತ್ತು ವರ್ಷಗಳಿಗೂ ಮಿಕ್ಕಿ ತಾಮ್ರ, ಸೀಸ, ಬೆಳ್ಳಿಗಳ ಗಣಿಗಳನ್ನು ನಡೆಸಿದ್ದರು. ಅವರು ಯಾವುದನ್ನು, ಯಾರಿಗಾಗಿ ಬರೆದಿಟ್ಟರು, ಆ ಬರೆಹದಿಂದ ನಮಗೆ ತಿಳಿಯುವುದೆಷ್ಟು, ತಿಳಿಯದೆ ಉಳಿಯುವುದೆಷ್ಟು ಎಂಬುದನ್ನು ಈ ಭಾಷಣದಲ್ಲಿ ವಿಚಾರಮಾಡೋಣ.

ಮೂಲಪುರುಷನಾದ ಜಾನ್ ಟೇಲರನು ೧೭೭೯ ರಲ್ಲಿ ಇಂಗ್ಲೆಂಡಿನ ನಾರಿಚ್ ಪಟ್ಟಣದಲ್ಲಿ ಹುಟ್ಟಿದನು. ಅದು ಓದುಬರೆಹಗಳಿಗೆ ಹೆಸರಾದ ಮನೆ. ಅವನ ತಮ್ಮ ರಿಚರ್ಡನು ಮುದ್ರಕ. ತಂಗಿ ಸಾರಾ ಆಸ್ಟಿನ್ ಪ್ರಸಿದ್ಧ ಭಾಷಾಂತರಕಾರ್ತಿ. ಟೇಲರನಾದರೋ ೧೭೯೮ ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಡೆವನ್ ಪ್ರಾಂತದ ಟ್ಯಾವಿಸ್ಟಾಕ್ ಬಳಿಯ ವ್ಹೀಲ್ ಫ್ರೆಂಡ್‌ಷಿಪ್ ಎಂಬ ತಾಮ್ರದ ಗಣಿಗೆ ಮೇಲ್ವಿಚಾರಕನಾದನು. ಅಲ್ಲಿಂದ ಅದಿರನ್ನು ಸಾಗಿಸಲು ಅವನು ಯೋಜಿಸಿದ ಕಾಲುವೆಯ ಕೆಲಸ ೧೮೦೩ ರಲ್ಲಿ ಮೊದಲಾಗಿ ೧೮೧೭ ರಲ್ಲಿ ಮುಗಿಯಿತು. ಆ ಕಾಲುವೆ ಗುಡ್ಡವೊಂದರ ಅಡಿಯಲ್ಲಿ ಸುಮಾರು ಒಂದೂವರೆ ಮೈಲಿ ಸುರಂಗವಾಗಿ ಹರಿಯುತ್ತದೆ. ಸುರಂಗವನ್ನು ಕೊರೆಯುವಾಗಲೇ ದಾರಿಯಲ್ಲಿ ತಾಮ್ರದ ಅದಿರು ಸಿಕ್ಕಿತು.

ಗಣಿಯ ಕೆಲಸಕ್ಕೂ ಬರೆಹಕ್ಕೂ ಇರುವ ಸಂಬಂಧವನ್ನು ಸ್ವಲ್ಪ ಗಮನಿಸಬೇಕು. ಹೊಲದ ಒಡೆಯನು ಬದುವಿನ ಮೇಲೆ ನಿಂತು ಪೈರನ್ನು ನೋಡಬಲ್ಲನು. ಗಣಿಯ ಷೇರುದಾರನಿಗೆ ಆ ಭಾಗ್ಯವಿಲ್ಲ. ಅವನ ಹಣವೆಲ್ಲ ನೆಲದಡಿಯ ಕತ್ತಲೆಯಲ್ಲಿದೆ. ಅವನೋ ನೂರಾರು ಮೈಲಿ ದೂರದ ನಗರದಲ್ಲಿದ್ದಾನೆ. ಎಷ್ಟು ಅಡಿ ಇಳಿದರು, ಅದಿರಿನ ಪಟ್ಟಿ ಎಷ್ಟು ದಪ್ಪವಾಗಿದೆ, ನೀರನ್ನು ಎತ್ತಲು ಎಷ್ಟು ಕಲ್ಲಿದ್ದಲು ಸುಟ್ಟಿತು ಎಂಬುದನ್ನು ಮೇಲ್ವಿಚಾರಕನ ಕಾಗದದಿಂದಲೇ ಅವನು ತಿಳಿಯಬೇಕು. ಆದುದರಿಂದ ಕಾರ್ನ್‌ವಾಲಿನಲ್ಲಿ ಲೆಕ್ಕಪತ್ರವೇ ಒಂದು ಶಾಸ್ತ್ರವಾಗಿ ಬೆಳೆಯಿತು. ಪಾಲುದಾರರ ಹೆಸರುಗಳನ್ನೂ ಖರ್ಚುವೆಚ್ಚಗಳನ್ನೂ ಒಂದೇ ಪುಸ್ತಕದಲ್ಲಿ ಬರೆದು, ನಿಯತಕಾಲದಲ್ಲಿ ಸಭೆ ಸೇರಿ, ಲಾಭವಿದ್ದರೆ ಹಂಚಿಕೊಳ್ಳುವುದು, ನಷ್ಟವಾದರೆ ಮತ್ತೆ ಹಣ ಹಾಕುವುದು ಅಲ್ಲಿನ ಪದ್ಧತಿ. ಯಾವ ಗಣಿಯ ಉಗಿಯಂತ್ರ ಎಷ್ಟು ಇದ್ದಲಿಗೆ ಎಷ್ಟು ನೀರನ್ನೆತ್ತಿತು ಎಂಬುದನ್ನು ೧೮೧೧ ರಿಂದ ತಿಂಗಳುತಿಂಗಳೂ ಅಚ್ಚುಹಾಕಿ ಪ್ರಕಟಿಸುತ್ತಿದ್ದರು. ಅದರಿಂದ ಯಂತ್ರಜ್ಞರಲ್ಲಿ ಸ್ಪರ್ಧೆ ಹುಟ್ಟಿ ಯಂತ್ರಗಳೇ ಉತ್ತಮವಾದುವು.

ಟೇಲರನು ಈ ಪದ್ಧತಿಯನ್ನು ದೊಡ್ಡ ಪ್ರಮಾಣಕ್ಕೆ ಕೊಂಡೊಯ್ದನು. ೧೮೧೯ ರಲ್ಲಿ ಕಾರ್ನ್‌ವಾಲಿನ ಗ್ವೆನಪ್ ಎಂಬಲ್ಲಿ ನೀರು ತುಂಬಿ ನಿಂತುಹೋಗಿದ್ದ ಗಣಿಗಳನ್ನು ಒಟ್ಟುಗೂಡಿಸಿ ಮತ್ತೆ ತೆರೆದನು. ಒಬ್ಬ ಗಣಿಗಾರನಿಗೆ ತಿಳಿದುದು ಅವನೊಡನೆಯೇ ಮಣ್ಣುಗೂಡಬಾರದೆಂಬುದು ಅವನ ಅಭಿಪ್ರಾಯ. ೧೮೨೫ ರಲ್ಲಿ ಕಾರ್ನ್‌ವಾಲಿನಲ್ಲಿ ಗಣಿವಿದ್ಯೆಯ ಶಾಲೆಯೊಂದು ಬೇಕೆಂದು ಪ್ರಚಾರಮಾಡಿದನು. ಅದಕ್ಕೆ ತಕ್ಕ ಬೆಂಬಲ ದೊರೆಯಲಿಲ್ಲ. ೧೮೨೯ ರಲ್ಲಿ ‘ಗಣಿಗಾರಿಕೆಯ ದಾಖಲೆಗಳು’ ಎಂಬ ಅರ್ಥದ ಹೆಸರಿನಿಂದ ಲೇಖನಗಳ ಸಂಗ್ರಹವನ್ನು ತಾನೇ ಸಂಪಾದಿಸಿ ಹೊರತಂದನು. ಮೊದಲನೆಯ ಭಾಗವೆಂದು ಮುದ್ರಿತವಾದ ಆ ಗ್ರಂಥಕ್ಕೆ ಎರಡನೆಯ ಭಾಗ ಬರಲಿಲ್ಲ.

ಬರೆಹದ ಶಕ್ತಿಗೂ ಒಂದು ಮಿತಿಯುಂಟೆಂಬುದನ್ನು ಮೆಕ್ಸಿಕೋ ದೇಶದ ಪ್ರಸಂಗ ತೋರಿಸಿಕೊಟ್ಟಿತು. ೧೮೨೪ ರಲ್ಲಿ ಟೇಲರನ ನೇತೃತ್ವದಲ್ಲಿ ರಿಯಲ್ ಡೆಲ್ ಮಾಂಟೆ ಎಂಬಲ್ಲಿನ ಬೆಳ್ಳಿಯ ಗಣಿಗಳನ್ನು ನಡೆಸಲು ಒಂದು ಕಂಪೆನಿ ಏರ್ಪಟ್ಟಿತು. ಮರುವರ್ಷ ಕಾರ್ನ್‌ವಾಲಿನ ಗಣಿಗಾರರೂ ಭಾರವಾದ ಉಗಿಯಂತ್ರಗಳೂ ವೆರಾಕ್ರೂಸ್ ತೀರದಲ್ಲಿ ಇಳಿದಾಗ ಹಳದಿಜ್ವರ ಬಡಿದು ಅನೇಕರು ಸತ್ತರು. ಉಳಿದವರು ಯಂತ್ರಗಳ ಭಾಗಗಳನ್ನು ಬೆಟ್ಟದ ದಾರಿಯಲ್ಲಿ ಎಳೆದೊಯ್ದು ೧೮೨೬ ರಲ್ಲಿ ಗಣಿಗೆ ಮುಟ್ಟಿಸಿದರು. ಸುಮಾರು ಇಪ್ಪತ್ತೈದು ವರ್ಷಗಳ ಕಾಲ ವರದಿಗಳು ಲಂಡನ್ನಿಗೆ ಹೋಗುತ್ತಿದ್ದುವು, ಹಣ ಮೆಕ್ಸಿಕೋಗೆ ಬರುತ್ತಿದ್ದಿತು. ಲಾಭ ಮಾತ್ರ ಬರಲಿಲ್ಲ. ೧೮೪೯ ರಲ್ಲಿ ಕಂಪೆನಿ ಎಲ್ಲವನ್ನೂ ಅಲ್ಪ ಬೆಲೆಗೆ ಮಾರಿ ಹೊರಟುಹೋಯಿತು. ಕೊಂಡುಕೊಂಡ ಮೆಕ್ಸಿಕೋದವರಿಗೆ ಕೆಲವೇ ವರ್ಷಗಳಲ್ಲಿ ಸಮೀಪದ ಪಚುಕಾದಲ್ಲಿ ಬೆಳ್ಳಿಯ ದೊಡ್ಡ ನಿಧಿಯೇ ದೊರಕಿತು.

ಮೂಲಪುರುಷನು ೧೮೬೩ ರಲ್ಲಿ ತೀರಿಕೊಂಡನು. ಮುಂದಿನ ಪೀಳಿಗೆಯವರ ಕಾಲದಲ್ಲಿ, ೧೮೮೦ ರಲ್ಲಿ, ಮೈಸೂರು ಗೋಲ್ಡ್ ಮೈನಿಂಗ್ ಕಂಪೆನಿ ಹುಟ್ಟಿತು. ಮೂರು ವರ್ಷಗಳಲ್ಲಿ ಬಂಡವಾಳ ಬಹುತೇಕ ಕರಗಿತು. ಕೆಲಸವನ್ನು ನಿಲ್ಲಿಸಬೇಕೆಂದು ಷೇರುದಾರರಲ್ಲಿ ಕೆಲವರು ಹಟ ಹಿಡಿದರು; ಕೊನೆಯದಾಗಿ ಇನ್ನೊಂದು ಪ್ರಯತ್ನ ಮಾಡೋಣವೆಂದು ಟೇಲರ್ ಮನೆತನದವರು ಸಲಹೆಕೊಟ್ಟರು. ೧೮೮೩ ರಲ್ಲಿ ಕ್ಯಾಪ್ಟನ್ ಪ್ಲಮ್ಮರ್ ಎಂಬ ಗಣಿಗಾರನು ಪುರಾತನರು ತೋಡಿದ್ದ ಗುಂಡಿಗಳ ಕೆಳಗೇ ಅಗೆಯಿಸಿ, ಚಾಂಪಿಯನ್ ಎಂದು ಪ್ರಸಿದ್ಧವಾದ ಚಿನ್ನದ ಪಟ್ಟಿಯನ್ನು ಕಂಡನು. ಇಲ್ಲಿ ಒಂದು ಸ್ವಾರಸ್ಯವಿದೆ. ಆ ಪುರಾತನರು ಬರೆಹವನ್ನು ಬಿಟ್ಟುಹೋದವರಲ್ಲ. ಅವರ ಗುಂಡಿಗಳೇ ಅವರ ದಾಖಲೆ. ಕಂಪೆನಿಯನ್ನು ಉಳಿಸಿದುದು ಆ ಓದು.

ಅಲ್ಲಿಂದ ಮುಂದೆ ವಾರ್ಷಿಕ ವರದಿಗಳು ಸಾಲುಸಾಲಾಗಿ ಬಂದುವು. ಪುಡಿಮಾಡಿದ ಕಲ್ಲು ಇಷ್ಟು ಟನ್ನು, ತೆಗೆದ ಚಿನ್ನ ಇಷ್ಟು ಔನ್ಸು, ಇಳಿದ ಆಳ ಇಷ್ಟು ಅಡಿ, ಷೇರುದಾರರಿಗೆ ಲಾಭಾಂಶ ಇಷ್ಟು, ಸಂಸ್ಥಾನಕ್ಕೆ ರಾಜಧನ ಇಷ್ಟು. ೧೯೦೨ ರಲ್ಲಿ ಶಿವನಸಮುದ್ರದಿಂದ ತೊಂಬತ್ತೆರಡು ಮೈಲಿ ದೂರ ತಂತಿಯ ಮೇಲೆ ವಿದ್ಯುಚ್ಛಕ್ತಿ ಬಂದಿತು. ಕಾಲಕ್ರಮದಲ್ಲಿ ಗಣಿಗಳು ಹತ್ತು ಸಾವಿರ ಅಡಿಗೂ ಕೆಳಕ್ಕೆ ಇಳಿದುವು. ಲೆಕ್ಕ ಅಚ್ಚುಕಟ್ಟಾಗಿದೆ, ಅದನ್ನು ಕಡಮೆಯೆನ್ನುವುದು ನ್ಯಾಯವಲ್ಲ.

ಆದರೆ ಆ ಲೆಕ್ಕ ಷೇರುದಾರನು ಕೇಳಿದ ಪ್ರಶ್ನೆಗೆ ಉತ್ತರ. ಉತ್ತರ ಆರ್ಕಾಡು, ಚಿತ್ತೂರು, ಸೇಲಂ ಸೀಮೆಗಳಿಂದ ಬಂದು ನೆಲದಡಿಯಲ್ಲಿ ದುಡಿದ ಸಾವಿರಾರು ಜನ ಅದರಲ್ಲಿ ಕೂಲಿಯ ಮೊತ್ತವಾಗಿ ಕಾಣುತ್ತಾರೆಯೇ ಹೊರತು ಮನುಷ್ಯರಾಗಿ ಕಾಣುವುದಿಲ್ಲ. ಅವರನ್ನು ಒಬ್ಬೊಬ್ಬರನ್ನಾಗಿ ದಾಖಲೆಮಾಡುವ ಯೋಚನೆ ಬಂದುದೂ ಬೇರೊಂದು ಉದ್ದೇಶದಿಂದ. ೧೯೩೦ ರಲ್ಲಿ ಕೂಲಿಗಾರರೆಲ್ಲರ ಬೆರಳಿನ ಗುರುತನ್ನು ತೆಗೆದಿಡಲು ಆಡಳಿತದವರು ಹೊರಟರು. ಅಪರಾಧಿಗಳಿಂದ ತೆಗೆಯುವ ಗುರುತನ್ನು ದುಡಿಯುವವರಿಂದ ತೆಗೆಯುವುದೆಂದರೇನು? ಜನ ಕೆಲಸವನ್ನು ಬಿಟ್ಟು ಹೊರಬಂದರು. ಸುಮಾರು ಮೂರು ವಾರ ಗಣಿಗಳು ಸ್ತಬ್ಧವಾಗಿದ್ದುವು. ದಾಖಲೆಯಲ್ಲಿ ತಾವು ಯಾವ ರೀತಿ ಸೇರಬೇಕೆಂಬುದರಲ್ಲಿ ತಮಗೂ ಮಾತುಂಟೆಂದು ಅಕ್ಷರ ಬಾರದವರೂ ಸಾರಿದ ಪ್ರಸಂಗವಿದು.

ಇನ್ನೊಂದು ಉದಾಹರಣೆ. ಕಲ್ಲಿನ ಧೂಳು ಶ್ವಾಸಕೋಶವನ್ನು ಸೇರಿ ಉಂಟಾಗುವ ಸಿಲಿಕೋಸಿಸ್ ಎಂಬ ರೋಗದ ವಿಷಯದಲ್ಲಿ ೧೯೪೦ ರಲ್ಲಿ ಮೈಸೂರು ಸಂಸ್ಥಾನ ನಿಯಮಗಳನ್ನು ಮಾಡಿತು. ಅಂದಿನಿಂದ ೧೯೪೬ ರವರೆಗೆ ಏಳೂವರೆ ಸಾವಿರಕ್ಕೂ ಹೆಚ್ಚು ಗಣಿಗಾರರನ್ನು ಪರೀಕ್ಷಿಸಲಾಗಿ, ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಆ ರೋಗ ಕಂಡುಬಂದಿತು. ಧೂಳು ಆ ವರ್ಷ ಹುಟ್ಟಿದುದಲ್ಲ. ಅರುವತ್ತು ವರ್ಷಗಳಿಂದಲೂ ಇದ್ದಿತು. ಹೊಸದಾಗಿ ಹುಟ್ಟಿದುದು ಪ್ರಶ್ನೆ. ಪ್ರಶ್ನೆ ಹುಟ್ಟಿದೊಡನೆ ಅಂಕಿಗಳೂ ಹುಟ್ಟಿದುವು.

೧೯೫೬ ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು; ೨೦೦೧ ನೆಯ ಫೆಬ್ರವರಿ ೨೮ ರಂದು ಅವು ಮುಚ್ಚಿದುವು. ಟೇಲರ್ ಮನೆತನದವರ ಶ್ರದ್ಧೆಯಿಂದ ಚಿನ್ನದ ಕಥೆ ನಮಗೆ ಉಳಿದಿದೆ. ಜನರ ಕಥೆಯನ್ನು ಉಳಿಸಲು ಬೇರೆ ಕಾಗದಗಳು ಬೇಕು: ಸಂಬಳದ ಚೀಟಿ, ಆಸ್ಪತ್ರೆಯ ಚೀಟಿ, ಊರಿಗೆ ಬರೆದ ಪತ್ರ, ಸಂಘದ ನಡವಳಿಕೆಯ ಪುಸ್ತಕ. ಇಂಥವು ಯಾರ ಮನೆಯ ಪೆಟ್ಟಿಗೆಯಲ್ಲಿದ್ದರೂ ರದ್ದಿಗೆ ಹಾಕದೆ ಗ್ರಂಥಾಲಯಕ್ಕೋ ದಫ್ತರಖಾನೆಗೋ ಒಪ್ಪಿಸಬೇಕು. ಗಣಿಗೆ ಇಳಿದವರನ್ನು ಹೆಸರುಹಿಡಿದು ಕರೆಯಲು ಮುಂದಿನ ಚರಿತ್ರಕಾರನಿಗೆ ಬೇರೆ ದಾರಿಯಿಲ್ಲ.