ಜೋಳದ ಕಾಡಿಗೆಯಿಂದ ಹ್ಯಾಮೈಸಿನ್‌ವರೆಗೆ: ಪುಣೆಯ ಶಿಲೀಂಧ್ರ ಅಧ್ಯಯನದ ಒಂದು ಎಳೆ

ಪುಣೆ, ಸೊಲ್ಲಾಪುರ, ವಿಜಯಪುರಗಳು ಹಿಂಗಾರಿ ಜೋಳದ ಒಂದೇ ಸೀಮೆ. ಜೋಳಕ್ಕೆ ಬರುವ ಕಾಡಿಗೆ ರೋಗಕ್ಕೂ ರಾಜ್ಯದ ಗಡಿಯಿಲ್ಲ. ರೋಗ ತಗುಲಿದ ತೆನೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಕಾಳಿನ ಜಾಗದಲ್ಲಿ ಮಾಸಲು ಬಿಳಿಯ ಪುಟ್ಟ ಚೀಲ ಕಾಣುತ್ತದೆ. ಉಗುರಿನಿಂದ ಒಡೆದರೆ ಒಳಗೆಲ್ಲ ಕರಿಪುಡಿ, ಅದರ ಕಣಕಣವೂ ಬೀಜಕಣ. ಇದು ಕಾಳು ಕಾಡಿಗೆ. ರಾಶಿ ಮಾಡುವಾಗ ಚೀಲ ಒಡೆದು ಪುಡಿ ಒಳ್ಳೆಯ ಬೀಜಕ್ಕೆ ಅಂಟುವುದರಿಂದ, ಬಿತ್ತುವ ಮುನ್ನ ಬೀಜಕ್ಕೆ ಗಂಧಕ ಸವರಿದರೆ ರೋಗ ಹತೋಟಿಗೆ ಬರುತ್ತದೆ. ಬಿಡಿ ಕಾಡಿಗೆಗೂ ಇದೇ ಉಪಾಯ. ಆದರೆ ತೆನೆ ಕಾಡಿಗೆ ಮುಖ್ಯವಾಗಿ ಮಣ್ಣಿನಿಂದ ಬರುತ್ತದೆ, ಉದ್ದ ಕಾಡಿಗೆ ಗಾಳಿಯಲ್ಲಿ ತೇಲಿ ಬಂದು ಹೂವನ್ನು ಸೇರುತ್ತದೆ. ಇವೆರಡನ್ನು ಬೀಜೋಪಚಾರ ನಿಲ್ಲಿಸಲಾರದು. ನಾಲ್ಕರದೂ ಕರಿಪುಡಿಯೇ, ಯಾವ ಜಾತಿಯೆಂದು ಗುರುತಿಸದೆ ಮದ್ದು ಹೇಳಿದರೆ ರೈತನ ಹಣ ಹೊಲದಲ್ಲೇ ಹೋಗುತ್ತದೆ. ವರ್ಗೀಕರಣವೇ ಚಿಕಿತ್ಸೆಯ ಮೊದಲ ಹೆಜ್ಜೆ ಎಂಬುದು ಈ ಲೇಖನದ ವಾದ.

ಭಾರತದ ಕಾಡಿಗೆ ಶಿಲೀಂಧ್ರಗಳನ್ನು ಒಟ್ಟುಗೂಡಿಸಿ ವಿವರಿಸಿದ ಗ್ರಂಥ 1952ರಲ್ಲಿ ಇಂಗ್ಲೆಂಡಿನ ಕ್ಯೂನಿಂದ ಪ್ರಕಟವಾಯಿತು. ಕರ್ತೃಗಳು ಬಿ. ಬಿ. ಮುಂಡ್ಕೂರ್ ಮತ್ತು ಎಂ. ಜೆ. ತಿರುಮಲಾಚಾರ್. ಮುಂಡ್ಕೂರರು 1947ರಲ್ಲಿ ಭಾರತೀಯ ಸಸ್ಯರೋಗಶಾಸ್ತ್ರ ಸಂಘವನ್ನು ಕಟ್ಟಿದವರು. ಮೈಸೂರು ಸೀಮೆಯ ತುಕ್ಕು ಮತ್ತು ಕಾಡಿಗೆ ಶಿಲೀಂಧ್ರಗಳ ಅಧ್ಯಯನದಿಂದ ಹೆಸರಾದ ತಿರುಮಲಾಚಾರ್ (1914–1999) ಮುಂದೆ ಪುಣೆ ಸೇರಿದರು.

ಪುಣೆ ಕ್ಯಾಂಪ್‌ನಿಂದ ವಾಯವ್ಯಕ್ಕೆ, ಮುಂಬಯಿ ರಸ್ತೆಯಲ್ಲಿ ಸಿಗುವ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪನೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಎದ್ದ ಆ ಕಾರ್ಖಾನೆಯ ಮೊದಲ ಉತ್ಪನ್ನವಾದ ಪೆನಿಸಿಲಿನ್ನೇ ಒಂದು ಶಿಲೀಂಧ್ರದ ಕೊಡುಗೆ. ಅದನ್ನು ಬೆಳೆಸುತ್ತಿದ್ದ ಆವರಣದಲ್ಲೇ ತಿರುಮಲಾಚಾರ್ ಮತ್ತು ಸಂಗಡಿಗರು ಶಿಲೀಂಧ್ರನಾಶಕಗಳಿಗಾಗಿ ಮಣ್ಣಿನ ಸೂಕ್ಷ್ಮಜೀವಿಗಳನ್ನು ಶೋಧಿಸಿದರು. ದೊರೆತ ಒಂದು ಜೀವಿಗೆ ಊರಿನ ಹೆಸರನ್ನೇ ಇಟ್ಟು ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂದರು. ಅದರಿಂದ ಬಂದ ಔಷಧ ಹ್ಯಾಮೈಸಿನ್. ಬಾಯಿಯ ಕ್ಯಾಂಡಿಡಾ ಸೋಂಕಿಗೆ ಅದನ್ನು ಹಚ್ಚುವುದುಂಟು. ಬಳಿಕ ಸಸ್ಯಗಳಿಗಾಗಿ ಆರಿಯೊಫಂಜಿನ್ ಬಂತು. ತೆಂಗಿನ ಅಣಬೆ ರೋಗಕ್ಕೆ 2 ಗ್ರಾಂ ಆರಿಯೊಫಂಜಿನ್-ಸಾಲ್ ಮತ್ತು 1 ಗ್ರಾಂ ಮೈಲುತುತ್ತವನ್ನು 100 ಮಿಲಿ ನೀರಿನಲ್ಲಿ ಬೆರೆಸಿ ಬೇರಿನ ಮೂಲಕ ಉಣಿಸುವ ಶಿಫಾರಸು ನಮ್ಮ ತೋಟಗಳಿಗೂ ತಲುಪಿದೆ.

ಈ ಎರಡು ಔಷಧಗಳೂ ಪಾಲಿಯೀನ್ ಗುಂಪಿನವು. ಶಿಲೀಂಧ್ರದ ಕೋಶಪೊರೆಯಲ್ಲಿರುವ ಎರ್ಗೊಸ್ಟೆರಾಲ್‌ಗೆ ಅಂಟಿಕೊಂಡು ಪೊರೆಯನ್ನು ಸೋರುವಂತೆ ಮಾಡುತ್ತವೆ. ಹಾಗಾದರೆ ಅಡಿಕೆಯ ಕೊಳೆರೋಗಕ್ಕೂ ಇವನ್ನೇ ಸಿಂಪಡಿಸಬಹುದಲ್ಲ? ಆಗದು. ಲೆಸ್ಲಿ ಕೋಲ್ಮನ್ 1910ರಲ್ಲಿ ಮೈಸೂರಿನಲ್ಲಿ ವಿವರಿಸಿದ ಆ ಫೈಟಾಫ್ತೊರಾ ನೋಟಕ್ಕೆ ಶಿಲೀಂಧ್ರದಂತಿದ್ದರೂ ಬೇರೆಯದೇ ವಂಶದ್ದು. ಅದರ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಇದೆ, ಎರ್ಗೊಸ್ಟೆರಾಲನ್ನು ಅದು ತಯಾರಿಸುವುದೇ ಇಲ್ಲ. ಪ್ರಯೋಗಾಲಯದಲ್ಲಿ ಇತರ ಶಿಲೀಂಧ್ರಗಳನ್ನು ತಡೆದು ಫೈಟಾಫ್ತೊರಾವನ್ನಷ್ಟೇ ಬೆಳೆಸಲು ಮಾಧ್ಯಮಕ್ಕೆ ಪಾಲಿಯೀನ್ ಬೆರೆಸುತ್ತಾರೆಂದರೆ ವ್ಯತ್ಯಾಸ ಎಷ್ಟೆಂದು ತಿಳಿಯುತ್ತದೆ. ಮಲೆನಾಡಿನ ಕೊನೆಗೌಡನ ಕೈಗೆ ಇಂದಿಗೂ ಬೋರ್ಡೋ ದ್ರಾವಣವೇ ಆಸರೆ.

ಮನುಷ್ಯರ ರೋಗದಲ್ಲೂ ನಿಯಮ ಇದೇ. 2021ರಲ್ಲಿ ಕೋವಿಡ್ ಬೆನ್ನಿಗೆ ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಹಬ್ಬಿದ ಮ್ಯೂಕರ್‌ಮೈಕೋಸಿಸ್‌ಗೆ ಪಾಲಿಯೀನ್ ಗುಂಪಿನ ಆಂಫೊಟೆರಿಸಿನ್-ಬಿ ಬೇಕಾಯಿತು. ಆಸ್ಪರ್‌ಜಿಲಸ್‌ಗೆ ನಾಟುವ ವೊರಿಕೊನಜೋಲ್ ಅದಕ್ಕೆ ನಾಟದು. ಅಂಗಾಂಶದ ತುಣುಕಿನಲ್ಲಿ ಮ್ಯೂಕರ್‌ನ ಎಳೆ ಅಗಲವಾಗಿ, ಅಡ್ಡಗೋಡೆಗಳು ತೀರ ವಿರಳವಾಗಿ ಕಾಣುತ್ತದೆ. ಆಸ್ಪರ್‌ಜಿಲಸ್‌ನ ಎಳೆ ಸಪೂರ, ಅಡ್ಡಗೋಡೆಗಳು ಸ್ಪಷ್ಟ. ಸೂಕ್ಷ್ಮದರ್ಶಕದ ಮುಂದೆ ಕುಳಿತವರ ಕಣ್ಣು ಪಳಗಿರದಿದ್ದರೆ ರೋಗಿಯ ಪ್ರಾಣಕ್ಕೇ ಸಂಚಕಾರ.

ಇಂಥ ಕಣ್ಣನ್ನು ಪಳಗಿಸುವ ಸಾಮಗ್ರಿ ಪುಣೆಯಲ್ಲಿದೆ. 1946ರಲ್ಲಿ ಆರಂಭವಾದ ಸಂಸ್ಥೆ, ಈಗಿನ ಆಘಾರ್ಕರ್ ಸಂಶೋಧನಾ ಸಂಸ್ಥೆ, ಒಣ ಮಾದರಿಗಳಿಗೆ ಅಜ್ರೇಕರ್ ಶಿಲೀಂಧ್ರಾಲಯವನ್ನೂ ಜೀವಂತ ತಳಿಗಳಿಗೆ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹವನ್ನೂ ನಡೆಸುತ್ತಿದೆ. ಮಾದರಿ ಇಲ್ಲದೆ ಬರೀ ಹೆಸರು ಪ್ರಕಟವಾದರೆ ನಾಳೆ ಅದನ್ನು ಪರೀಕ್ಷಿಸಲು ಯಾರಿಗೂ ದಾರಿಯಿರದು. ಧಾರವಾಡ, ಬೆಂಗಳೂರು, ಶಿವಮೊಗ್ಗಗಳ ಸಂಶೋಧಕರು ಹೊಸ ರೋಗಕಾರಕವನ್ನು ವರದಿ ಮಾಡುವಾಗಲೆಲ್ಲ ಅದರ ಒಂದು ಒಣ ಮಾದರಿಯನ್ನೂ ಒಂದು ಜೀವಂತ ತಳಿಯನ್ನೂ ಇಂಥ ಸಂಗ್ರಹಕ್ಕೆ ಒಪ್ಪಿಸಬೇಕು. ನಮ್ಮ ವಿಶ್ವವಿದ್ಯಾಲಯಗಳು ಪಿಎಚ್‌.ಡಿ. ಪ್ರಬಂಧ ಸ್ವೀಕರಿಸುವ ಮುನ್ನವೇ ಇದನ್ನು ಕಡ್ಡಾಯ ಮಾಡಲಿ.