ನಾಮ, ನೆಲೆ, ಮಾರ್ಗ: ಭಾವೀ ಗಣಕಜಾಲಗಳ ವಿಳಾಸಕ್ರಮವೂ ಮಧುಗಿರಿ ಉಪವಿಭಾಗದ ನಿದರ್ಶನವೂ

1

ಗಣಕಯಂತ್ರಗಳು ಪರಸ್ಪರ ವ್ಯವಹರಿಸಬೇಕಾದರೆ ಪ್ರತಿಯೊಂದಕ್ಕೂ ಒಂದು ಹೆಸರು ಬೇಕು, ಅದು ಇರುವ ನೆಲೆಯನ್ನು ತಿಳಿಸುವ ವಿಳಾಸ ಬೇಕು, ಆ ನೆಲೆಯನ್ನು ಮುಟ್ಟುವ ಮಾರ್ಗವೂ ಗೊತ್ತಿರಬೇಕು. ಈ ಮೂರೂ ಭಿನ್ನವೆಂಬ ವಿವೇಕವನ್ನು 1978ರಲ್ಲಿಯೇ ಜಾನ್ ಶಾಕ್ ಎಂಬ ವಿದ್ವಾಂಸರು ಸ್ಪಷ್ಟಪಡಿಸಿದ್ದರೂ, ಇಂದಿನ ಅಂತರ್ಜಾಲದಲ್ಲಿ ಐಪಿ ಸಂಖ್ಯೆಯೊಂದೇ ಯಂತ್ರದ ಗುರುತೂ ಆಗಿ, ಅದರ ನೆಲೆಯೂ ಆಗಿ ಎರಡು ಹೊಣೆಗಳನ್ನು ಹೊತ್ತಿದೆ. ಯಂತ್ರಗಳು ಒಂದೆಡೆ ಸ್ಥಿರವಾಗಿದ್ದ ಕಾಲದಲ್ಲಿ ಇದರಿಂದ ತೊಡಕುಂಟಾಗಲಿಲ್ಲ. ಯಂತ್ರವು ಮನುಷ್ಯನ ಜೇಬನ್ನು ಸೇರಿ ಊರೂರು ತಿರುಗತೊಡಗಿದಮೇಲೆ, ನೆಲೆ ಬದಲಾದೊಡನೆ ಗುರುತೂ ಬದಲಾಗುವ ವಿಪರ್ಯಾಸವು ಎದುರಾಯಿತು.

ಭಾವೀ ಜಾಲಗಳ ಸಂಜ್ಞಾವ್ಯವಸ್ಥೆ ಹೇಗಿರಬೇಕೆಂಬ ಚರ್ಚೆಯು ಬಹುತೇಕ ಪ್ರಯೋಗಶಾಲೆಗಳ ಭಾಷೆಯಲ್ಲಿ ನಡೆದಿದೆ. ಆದರೆ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಿಗೆ ಅಂಚೆ, ದೂರವಾಣಿ, ಕಂದಾಯ ಇಲಾಖೆಗಳು ಕೊಟ್ಟಿರುವ ಸಂಜ್ಞೆಗಳನ್ನು ಒಂದರ ಪಕ್ಕದಲ್ಲೊಂದಿರಿಸಿ ಪರಿಶೀಲಿಸಿದರೆ, ಆ ಚರ್ಚೆಯ ಮುಖ್ಯ ಪ್ರಶ್ನೆಗಳೆಲ್ಲ ಅಲ್ಲಿ ಆಗಲೇ ಉದ್ಭವಿಸಿ, ಕೆಲವು ಪರಿಹಾರವನ್ನೂ ಕಂಡಿರುವುದು ಗೋಚರವಾಗುತ್ತದೆ. ಗುರುತು ಸ್ಥಿರವಾಗಿಯೂ ನೆಲೆ ಚಲವಾಗಿಯೂ ಇರತಕ್ಕದ್ದು. ಇವೆರಡನ್ನೂ ಬೆಸೆಯುವ ಪಟ್ಟಿಯು ಯಾರ ವಶದಲ್ಲಿದೆಯೆಂಬುದೇ ವ್ಯವಸ್ಥೆಯ ಗುಣಾವಗುಣಗಳನ್ನು ನಿರ್ಣಯಿಸತಕ್ಕದ್ದು ಎಂಬುದು ಈ ಲೇಖನದ ಪ್ರತಿಪಾದನೆ.

2

ಅಂಚೆಯ ಪಿನ್ ಸಂಕೇತವು ಶ್ರೀರಾಮ ಭಿಕಾಜಿ ವೇಲಣಕರರ ಯೋಜನೆಯಂತೆ 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. ಅದರ ಆರು ಅಂಕಿಗಳಲ್ಲಿ ಮೊದಲನೆಯದು ವಲಯವನ್ನೂ, ಎರಡನೆಯದು ಉಪವಲಯವನ್ನೂ, ಮೂರನೆಯದು ವಿಂಗಡಣೆಯ ಜಿಲ್ಲೆಯನ್ನೂ, ಉಳಿದ ಮೂರು ಬಟವಾಡೆಯ ಕಚೇರಿಯನ್ನೂ ಸೂಚಿಸುತ್ತವೆ. ಕೊರಟಗೆರೆಗೆ 572129, ಮಧುಗಿರಿಗೆ 572132, ಶಿರಾಕ್ಕೆ 572137 ಎಂದಿರುವುದರಿಂದ, ದೂರದ ಊರಿನಲ್ಲಿ ಕಾಗದಗಳನ್ನು ವಿಂಗಡಿಸುವವನು 572 ಎಂಬ ಪೂರ್ವಾಂಶವನ್ನು ಮಾತ್ರ ನೋಡಿದರೆ ಸಾಕು. ಉಳಿದ ಅಂಕಿಗಳ ವಿಚಾರಣೆ ಸಮೀಪದಲ್ಲಿರುವವರದು. ಅಂತರ್ಜಾಲದ ಮಾರ್ಗಸೂಚಕ ಯಂತ್ರಗಳೂ ವಿಳಾಸದ ಪೂರ್ವಾಂಶವನ್ನು ನೋಡಿಯೇ ದಾರಿ ತೋರುತ್ತವೆ. 1993ರ ಸುಧಾರಣೆಯ ಬಳಿಕ ಈ ಪೂರ್ವಾಂಶವು ಎಷ್ಟು ಉದ್ದವಾದರೂ ಇರಬಹುದೆಂದಾಯಿತು.

ಪಾವಗಡದ ಪಿನ್ ಸಂಕೇತವಾದರೋ 561202. ತನ್ನ ಜಿಲ್ಲೆಯ ನೆರೆತಾಲ್ಲೂಕುಗಳನ್ನು ಬಿಟ್ಟು ಅದು ದೊಡ್ಡಬಳ್ಳಾಪುರದ 561203, ಗೌರಿಬಿದನೂರಿನ 561208 ಇವುಗಳ ಪಂಕ್ತಿಯಲ್ಲಿ ಕುಳಿತಿದೆ. ದೂರವಾಣಿಯ ಎಸ್‌ಟಿಡಿ ಸಂಕೇತಗಳನ್ನು ನೋಡಿದರೆ ಶಿರಾ 08135, ಪಾವಗಡ 08136, ಮಧುಗಿರಿ 08137, ಕೊರಟಗೆರೆ 08138 ಎಂದು ನಾಲ್ಕೂ ಒಂದೇ ಸಾಲಿನಲ್ಲಿ ನಿಂತಿವೆ. ಮೂರು ದಿಕ್ಕುಗಳಲ್ಲಿಯೂ ಆಂಧ್ರಪ್ರದೇಶದ ನೆಲವೇ ಆವರಿಸಿರುವ ಪಾವಗಡವನ್ನು ಅಂಚೆಯು ಒಂದು ಕಡೆಯಿಂದಲೂ ದೂರವಾಣಿಯು ಇನ್ನೊಂದು ಕಡೆಯಿಂದಲೂ ಕಂಡಿರುವುದನ್ನು ದೋಷವೆಂದು ಎಣಿಸುವುದು ಸಲ್ಲದು. ವಿಳಾಸವೆಂಬುದು ಆಡಳಿತದ ಗಡಿಯ ಪ್ರತಿಬಿಂಬವಾಗಿದ್ದರೆ ಎರಡರಲ್ಲೊಂದು ತಪ್ಪಾಗಬೇಕಾಗಿತ್ತು. ಅದು ಆಯಾ ಜಾಲದ ವಿನ್ಯಾಸದ ಪ್ರತಿಬಿಂಬವಾದ ಕಾರಣ ಎರಡೂ ಸರಿಯಾಗಿವೆ. 2014ರ ನವೆಂಬರ್ 1ರಂದು ಜಿಲ್ಲೆಯ ಅಧಿಕೃತ ಆಂಗ್ಲ ಕಾಗುಣಿತವು ‘ತುಮ್ಕೂರ್’ ಎಂಬುದರಿಂದ ‘ತುಮಕೂರು’ ಎಂದಾದಾಗ ಈ ಸಂಖ್ಯೆಗಳಲ್ಲಿ ಒಂದೂ ಕದಲಲಿಲ್ಲವೆಂಬುದೂ ಇದೇ ತತ್ತ್ವಕ್ಕೆ ಸಾಕ್ಷಿ.

3

ಹೆಸರುಗಳ ಕಡೆಗೆ ತಿರುಗಿದರೆ ಬೇರೊಂದು ಸಮಸ್ಯೆ ಎದುರಾಗುತ್ತದೆ. ಮಿಡಿಗೇಶಿ ಎಂದರೆ ಮಧುಗಿರಿ ತಾಲ್ಲೂಕೆಂದೂ, ಬುಕ್ಕಾಪಟ್ಟಣವೆಂದರೆ ಶಿರಾ ಎಂದೂ, ಹೊಳವನಹಳ್ಳಿಯೆಂದರೆ ಕೊರಟಗೆರೆಯೆಂದೂ, ನಾಗಲಮಡಿಕೆಯೆಂದರೆ ಪಾವಗಡವೆಂದೂ ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಆದರೆ ‘ಕಸಬಾ ಹೋಬಳಿ’ ನಾಲ್ಕು ತಾಲ್ಲೂಕುಗಳಲ್ಲಿಯೂ ಉಂಟು. ತಾಲ್ಲೂಕು ಕಚೇರಿಯೊಳಗೆ ಅದು ನಿಸ್ಸಂದಿಗ್ಧ. ಜಿಲ್ಲಾ ಕಚೇರಿಗೆ ಬಂದೊಡನೆ ‘ಯಾವ ತಾಲ್ಲೂಕಿನ ಕಸಬಾ?’ ಎಂಬ ಪ್ರಶ್ನೆ ಏಳುತ್ತದೆ. ಹೆಸರಿನ ಅನನ್ಯತೆಯು ಸಂದರ್ಭಾಧೀನವೆಂಬ ಈ ತಥ್ಯವನ್ನೇ 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಡೊಮೇನ್ ನಾಮವ್ಯವಸ್ಥೆಯು ಆಧಾರವಾಗಿಸಿಕೊಂಡಿತು. ಅದಕ್ಕೆ ಮೊದಲು ಜಾಲದ ಸಮಸ್ತ ಯಂತ್ರಗಳ ಹೆಸರುಗಳೂ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಒಂದೇ ಕಡತದಲ್ಲಿರುತ್ತಿದ್ದವು. ನೂತನ ವ್ಯವಸ್ಥೆಯು ನಾಮಕರಣದ ಅಧಿಕಾರವನ್ನು ಮೇಲಿನಿಂದ ಕೆಳಕ್ಕೆ ಹಂಚಿಕೊಟ್ಟಿತಾದರೂ, ಮೂಲದ ಪಟ್ಟಿಯ ಮೇಲಣ ಒಡೆತನವನ್ನು ಕೈಬಿಡಲಿಲ್ಲ.

4

ಸಂಖ್ಯೆಗಳ ಅಭಾವವು ಮೂರನೆಯ ಪ್ರಶ್ನೆ. ಕಂದಾಯ ಇಲಾಖೆಯ ‘ಭೂಮಿ’ ತಂತ್ರಾಂಶದಲ್ಲಿ ಪಹಣಿಯನ್ನು ಪಡೆಯಬೇಕಾದ ರೈತನು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಕ್ರಮವಾಗಿ ಆರಿಸಿ, ಬಳಿಕ ಸರ್ವೆ ನಂಬರನ್ನೂ ಸುರ್ನಾಕ್ ಮತ್ತು ಹಿಸ್ಸಾ ನಂಬರುಗಳನ್ನೂ ಕೊಡುತ್ತಾನೆ. ಅಣ್ಣತಮ್ಮಂದಿರು ಪಾಲಾದಾಗ ಸರ್ವೆ ನಂಬರು ಹಾಗೆಯೇ ಉಳಿದು, ಅದರ ಕೆಳಗೆ ಹೊಸ ಹಿಸ್ಸಾಗಳು ಹುಟ್ಟುತ್ತವೆ. ಎಷ್ಟು ಪಾಲಾದರೂ ಸಂಖ್ಯೆ ಮುಗಿಯುವುದಿಲ್ಲ. 1981ರ ಐಪಿ ನಿಯಮದಲ್ಲಿ ಈ ಸೌಲಭ್ಯವಿರಲಿಲ್ಲ. ಅದರ 32 ದ್ವಿಮಾನ ಅಂಕಿಗಳಿಂದ ಸುಮಾರು 429 ಕೋಟಿ ವಿಳಾಸಗಳು ಮಾತ್ರ ಸಾಧ್ಯವಾಗಿ, ಜಗತ್ತಿನ ಕೇಂದ್ರ ದಾಸ್ತಾನು 2011ರ ಫೆಬ್ರವರಿ 3ರಂದು ಬರಿದಾಯಿತು. 1998ರಲ್ಲಿ ನಿರೂಪಿತವಾದ ಐಪಿಯ ಆರನೆಯ ಆವೃತ್ತಿಯು 128 ಅಂಕಿಗಳನ್ನು ಒದಗಿಸಿ ಈ ಬಡತನವನ್ನು ನೀಗಿಸಿತು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಐದು ಗ್ರಾಮಗಳ ಸುಮಾರು 13,000 ಎಕರೆಗಳಲ್ಲಿ ಹರಡಿರುವ 2,050 ಮೆಗಾವಾಟ್ ಸೌರ ಉದ್ಯಾನದಂಥ ಸ್ಥಾವರಗಳಲ್ಲಿ ಪ್ರತಿಯೊಂದು ಇನ್ವರ್ಟರಿಗೂ ಮೀಟರಿಗೂ ಸ್ವಂತ ವಿಳಾಸವನ್ನು ಕೊಡುವುದಕ್ಕೆ ಈಗ ಸಂಖ್ಯಾಭಾವವು ಅಡ್ಡಿಯಲ್ಲ.

ಆದರೆ ವಿಸ್ತಾರವೇ ವಿವೇಕವಲ್ಲ. ಸಂಖ್ಯೆ ದೊಡ್ಡದಾದರೂ ಗುರುತು ಮತ್ತು ನೆಲೆಗಳ ಕಲಬೆರಕೆ ಹಾಗೆಯೇ ಉಳಿದಿದೆ. ಅದರ ಪರಿಹಾರವು ನಮ್ಮ ಮೊಬೈಲ್ ದೂರವಾಣಿಯಲ್ಲಿ ಕಾಣಸಿಗುತ್ತದೆ. ಮಧುಗಿರಿಯ ಸ್ಥಿರ ದೂರವಾಣಿಯ ಚಂದಾದಾರನು ಶಿರಾಕ್ಕೆ ಬಿಡಾರ ಬದಲಿಸಿದರೆ 08137 ಎಂಬುದು ಅವನೊಡನೆ ಬರಲಾರದು. ಮೊಬೈಲ್ ಸಂಖ್ಯೆಯಾದರೋ 2011ರ ಜನವರಿಯಿಂದ ಕಂಪನಿ ಬದಲಾದರೂ, 2015ರ ಜುಲೈನಿಂದ ರಾಜ್ಯವೇ ಬದಲಾದರೂ ಅದೇ ಉಳಿಯುತ್ತದೆ. ಕರೆ ಹೊರಟಾಗ ಆ ಸಂಖ್ಯೆ ಈಗ ಯಾವ ಜಾಲದಲ್ಲಿದೆಯೆಂಬುದನ್ನು ಒಂದು ಪ್ರತ್ಯೇಕ ಪಟ್ಟಿಯಿಂದ ತಿಳಿದು ಕರೆಯನ್ನು ಅತ್ತ ತಿರುಗಿಸುತ್ತಾರೆ. ಜನರು ಇನ್ನೂ ‘ನಂಬರು’ ಎನ್ನುತ್ತಿರುವ ಅದು ವಸ್ತುತಃ ಹೆಸರಾಗಿ ಪರಿಣಮಿಸಿದೆ. ಯಂತ್ರದ ಗುರುತನ್ನು ಗೂಢಲಿಪಿಯ ಕೀಲಿಯಿಂದ ನಿಷ್ಪನ್ನಗೊಳಿಸಿ ವಿಳಾಸದಿಂದ ಬೇರ್ಪಡಿಸುವ ‘ಹೋಸ್ಟ್ ಐಡೆಂಟಿಟಿ ಪ್ರೋಟೋಕಾಲ್’ ಅಂತರ್ಜಾಲದಲ್ಲಿ ಸಾಧಿಸಹೊರಟಿರುವುದೂ ಇದನ್ನೇ.

5

ಇದಕ್ಕಿಂತ ಮುಂದುವರಿದ ಪಕ್ಷವೊಂದುಂಟು. ಜಾಲವಿಜ್ಞಾನಿ ವ್ಯಾನ್ ಜೇಕಬ್‌ಸನ್ನರೂ ಸಹೋದ್ಯೋಗಿಗಳೂ 2009ರಲ್ಲಿ ಪ್ರತಿಪಾದಿಸಿದಂತೆ, ಹೆಸರು ಬೇಕಾದುದು ಯಂತ್ರಕ್ಕಲ್ಲ, ವಿಷಯಕ್ಕೆ. ಪಾವಗಡದ ರೈತನಿಗೆ ಬೇಕಾದುದು ಇಂದಿನ ಕಡಲೆಕಾಯಿಯ ಮಾರುಕಟ್ಟೆ ದರ. ಅದು ತುಮಕೂರಿನ ಯಂತ್ರದಿಂದ ಬಂದರೇನು, ಪಕ್ಕದ ಮನೆಯವನ ಫೋನಿನಲ್ಲಿ ಉಳಿದಿದ್ದ ಪ್ರತಿಯಿಂದ ಬಂದರೇನು? ಆ ದರವನ್ನು ಎಪಿಎಂಸಿಯೇ ಪ್ರಕಟಿಸಿದೆಯೆಂಬುದಕ್ಕೆ ಅಂಕಿತವೊಂದಿದ್ದರೆ ಸಾಕು. ಸಂಪರ್ಕವು ಆಗಾಗ್ಗೆ ಕಡಿಯುವ ಹಳ್ಳಿಗಾಡಿಗೆ ಈ ಕ್ರಮವು ಹಿತಕರವೆಂಬುದು ನಿರ್ವಿವಾದ. ಆದರೆ ವಿಷಯಗಳು ಯಂತ್ರಗಳಿಗಿಂತ ಅಸಂಖ್ಯಪಟ್ಟು ಹೆಚ್ಚಾದುದರಿಂದ ಮಾರ್ಗಸೂಚಕ ಪಟ್ಟಿ ಅಪಾರವಾಗಿ ಬೆಳೆಯುವ ಭಯವುಂಟು. ಹೆಸರುಗಳನ್ನೂ ಪಿನ್ ಸಂಕೇತದಂತೆ ಪೂರ್ವಾಂಶಗಳಲ್ಲಿ ಗುಂಪುಗೂಡಿಸದೆ ಗತ್ಯಂತರವಿಲ್ಲ.

ಹೆಸರು ಮನುಷ್ಯನ ಕಣ್ಣಿಗಾಗಿರುವುದೆಂದಮೇಲೆ ಲಿಪಿಯ ವಿಚಾರವೂ ಅನಿವಾರ್ಯ. ‘.ಭಾರತ’ ಎಂಬ ಡೊಮೇನ್ ನಾಮವು ಈಗ ಕನ್ನಡ ಲಿಪಿಯಲ್ಲಿಯೂ ಮೂಲಪಟ್ಟಿಯನ್ನು ಸೇರಿದೆ. ಕನ್ನಡ ತೆಲುಗುಗಳೆರಡೂ ನಿತ್ಯ ಬಳಕೆಯಲ್ಲಿರುವ ಪಾವಗಡದಲ್ಲಿ ಇದರೊಡನೆ ಅಪಾಯವೊಂದು ಸುಳಿಯುತ್ತದೆ: ಎರಡು ಲಿಪಿಗಳ ರಕಾರವೂ ಗಕಾರವೂ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಯೂನಿಕೋಡಿನಲ್ಲಿ ಕನ್ನಡದ ರಕಾರದ ಸಂಖ್ಯೆ 3248, ತೆಲುಗಿನದು 3120. ಈ 128ರ ಅಂತರವನ್ನು ಓದುಗನು ಕಾಣಲಾರನಾದುದರಿಂದ ಬ್ಯಾಂಕಿನ ಹೆಸರನ್ನು ಹೋಲುವ ಕಪಟನಾಮವನ್ನು ನೋಂದಾಯಿಸಲು ಅವಕಾಶವಾಗುತ್ತದೆ. ಬ್ರಾಹ್ಮೀಮೂಲದ ಲಿಪಿಗಳಿಗಾಗಿ ರಚಿತವಾದ ತಜ್ಞಮಂಡಲಿಯು ಇಂಥ ಅಕ್ಷರಗಳನ್ನು ಪರಸ್ಪರ ರೂಪಾಂತರಗಳೆಂದು ಮೂಲಪಟ್ಟಿಯ ಮಟ್ಟಿಗೆ ಪರಿಗಣಿಸಿದೆ. ಕೆಳಗಣ ಹಂತಗಳಲ್ಲಿಯೂ ಈ ಎಚ್ಚರವು ವ್ಯಾಪಿಸಬೇಕು.

6

ಮೇಲಣ ವಿವೇಚನೆಯಿಂದ ಫಲಿಸುವುದಿಷ್ಟು. ವಿಳಾಸವನ್ನು ಜಾಲವು ತನ್ನ ಅನುಕೂಲದಂತೆ ಬದಲಿಸಿಕೊಳ್ಳಲಿ. ಪಾವಗಡಕ್ಕೆ ಎರಡು ಜಾಲಗಳಲ್ಲಿ ಎರಡು ನೆಂಟಸ್ತಿಕೆಗಳಿದ್ದರೆ ಬಾಧಕವಿಲ್ಲ. ಗುರುತು ಮಾತ್ರ ಅದನ್ನು ಧರಿಸಿದವನ ಸ್ವತ್ತಾಗಿರಲಿ. ಇವೆರಡರ ನಂಟನ್ನು ಬರೆದಿಡುವ ಪಟ್ಟಿಯು, ಪಹಣಿಯಂತೆ, ಸಂಬಂಧಪಟ್ಟವನು ನೋಡಬಹುದಾದದ್ದೂ, ತಪ್ಪಿದ್ದರೆ ತಕರಾರು ಹೂಡಿ ತಿದ್ದಿಸಬಹುದಾದದ್ದೂ ಆಗಿರತಕ್ಕದ್ದು. ಪಹಣಿಯ ತಪ್ಪಿಗೆ ಮಧುಗಿರಿಯ ಉಪವಿಭಾಗಾಧಿಕಾರಿಯ ಮುಂದೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ; ಗಣಕಜಾಲದ ಹೆಸರಿನ ತಪ್ಪಿಗೆ ಸಾಮಾನ್ಯನು ಯಾರ ಮುಂದೆ ನಿಲ್ಲಬೇಕೆಂಬುದನ್ನು ನಿಶ್ಚಯಿಸದ ಯಾವ ಯೋಜನೆಯೂ, ಅದರ ಗಣಿತವೆಷ್ಟೇ ನಿರ್ದುಷ್ಟವಾಗಿರಲಿ, ಪೂರ್ಣವೆನಿಸಲಾರದು.