ನಾಗರತ್ನಮ್ಮನವರ ಹೆಸರಿನ ಕೆಳಗೆ

ಒಂದು ವರ್ಷ ಮಹಿಳಾ ದಿನಾಚರಣೆಗೆಂದು ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯರು ಚಾರ್ಟು ಬರೆಯುತ್ತಿದ್ದರು. ಅಕ್ಕಮಹಾದೇವಿ, ಕಿತ್ತೂರು ಚೆನ್ನಮ್ಮ, ಓಬವ್ವ ಎಲ್ಲ ಆದ ಮೇಲೂ ಒಂದು ಮೂಲೆ ಖಾಲಿ ಉಳಿಯಿತು. "ಬೆಂಗಳೂರು ನಾಗರತ್ನಮ್ಮ ಅಂತ ಬರೀರಿ" ಎಂದೆ. ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳತೊಡಗಿದಾಗ ಸಹೋದ್ಯೋಗಿಯೊಬ್ಬರು ಪಕ್ಕಕ್ಕೆ ಕರೆದು, "ದೇವದಾಸಿ ಅನ್ನೋದನ್ನೆಲ್ಲ ಮಕ್ಕಳ ಮುಂದೆ ಯಾಕೆ ಮೇಡಂ? ಗಾಯಕಿ ಅಂತ ಬರೆಸಿಬಿಡಿ, ಸಾಕು" ಎಂದರು. ಅವರದೇನೂ ಕೆಟ್ಟ ಮನಸ್ಸಲ್ಲ. ನಾನೂ ಹಾಗೇ ಬರೆಸಿದೆ. ಆದರೆ ಆ ದಿನದಿಂದ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದುಕೊಂಡಿದೆ.

ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಕುಲದವರು. ತಂದೆಯ ಆಸರೆ ಇಲ್ಲದ ಮಗಳಿಗೆ ತಾಯಿ ಸಂಗೀತ, ಸಂಸ್ಕೃತ, ತೆಲುಗು ಎಲ್ಲವನ್ನೂ ಹಟ ಹಿಡಿದು ಕಲಿಸಿದರು. ಮುಂದೆ ಮದರಾಸಿಗೆ ಹೋದ ಮಗಳು ಅಲ್ಲಿ ಹೆಸರನ್ನೂ ಹಣವನ್ನೂ ಸಂಪಾದಿಸಿದಳು. ಹೆಸರಿನ ಮುಂದಿನ 'ಬೆಂಗಳೂರು' ಮಾತ್ರ ಕೊನೆಯವರೆಗೂ ಹಾಗೇ ಉಳಿಯಿತು.

ಅವರ ಬಾಳಿನ ದೊಡ್ಡ ಜಗಳ ಒಂದು ಪುಸ್ತಕದ್ದು. ಹದಿನೆಂಟನೇ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿ ಮುದ್ದುಪಳನಿ ಎಂಬಾಕೆ ಇದ್ದಳು. ಆಕೆ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಎಂಬ ಕಾವ್ಯ ಬರೆದಳು. ತಾನೇ ಸಾಕಿ ಬೆಳೆಸಿದ ಇಳೆಯನ್ನು ಕೃಷ್ಣನಿಗೆ ಕೊಟ್ಟು ಮದುವೆ ಮಾಡಿಸಿದ ರಾಧೆ, ಆಮೇಲೆ ಹೊಟ್ಟೆಕಿಚ್ಚಿನಿಂದ ಬೇಯುತ್ತಾಳೆ. ಕೃಷ್ಣ ಬಂದು ಅವಳನ್ನು ಸಮಾಧಾನ ಮಾಡುತ್ತಾನೆ. ಇದು ಅದರ ಕಥೆ. ಶೃಂಗಾರ ಧಾರಾಳವಾಗಿದೆ. ಹೆಂಗಸಿನ ಬಯಕೆಯನ್ನು ಹೆಂಗಸೇ ಹೇಳಿದ್ದಾಳೆ.

ಈ ಕಾವ್ಯ 1887ರಲ್ಲಿ ಒಮ್ಮೆ ಅಚ್ಚಾಗಿತ್ತು. ಆಗ ಸಂಪಾದಕರು ಕೆಲವು ಪದ್ಯಗಳನ್ನು ಬಿಟ್ಟಿದ್ದರು. ಅಷ್ಟೇ ಅಲ್ಲ, ಕವಯಿತ್ರಿ ತನ್ನ ಕುಲದ ಹೆಣ್ಣುಮಕ್ಕಳನ್ನು ನೆನೆದು ಬರೆದ ಪೀಠಿಕೆಯನ್ನೇ ತೆಗೆದುಹಾಕಿದ್ದರು. ಆಕೆ ಯಾರ ಮಗಳು, ಯಾರ ಮೊಮ್ಮಗಳು ಎಂಬುದೇ ಮಾಯ! ನಾಗರತ್ನಮ್ಮ ಹಸ್ತಪ್ರತಿ ಹುಡುಕಿ, ಬಿಟ್ಟದ್ದನ್ನೆಲ್ಲ ಸೇರಿಸಿ, 1910ರಲ್ಲಿ ವಾವಿಳ್ಳ ಸಂಸ್ಥೆಯ ಮೂಲಕ ಪ್ರಕಟಿಸಿದರು.

ಎದುರು ನಿಂತವರು ಸಾಮಾನ್ಯರಲ್ಲ, ಕಂದುಕೂರಿ ವೀರೇಶಲಿಂಗಂ ಪಂತುಲು. ವಿಧವೆಯರಿಗೆ ಮರುಮದುವೆ ಮಾಡಿಸಿದ, ಹೆಣ್ಣುಮಕ್ಕಳ ಶಾಲೆ ತೆರೆದ ಮಹನೀಯರು. ಅಂಥವರೇ ಮುದ್ದುಪಳನಿಯನ್ನು ನಡತೆಗೆಟ್ಟವಳೆಂದರು. ಈ ಪದ್ಯಗಳು ಹೆಂಗಸರು ಕೇಳಬಾರದಂಥವು, ಹೆಂಗಸಿನ ಬಾಯಿಂದ ಬರಲೇಬಾರದಂಥವು ಎಂದು ಬರೆದರು. ನಾಗರತ್ನಮ್ಮ ಸುಮ್ಮನೆ ಕೂರಲಿಲ್ಲ. ಲಜ್ಜೆ ಎಂಬುದು ಹೆಂಗಸರಿಗೆ ಮಾತ್ರವೇ, ಗಂಡಸರಿಗಿಲ್ಲವೇ ಎಂದು ಕೇಳಿದರು. ಇದಕ್ಕಿಂತ ಬಿಚ್ಚಾದ ಶೃಂಗಾರವಿರುವ 'ವೈಜಯಂತೀ ವಿಲಾಸಮು'ವನ್ನು ಪಂತುಲುಗಳು ತಾವೇ ಪರಿಷ್ಕರಿಸಿ ಕೊಟ್ಟದ್ದನ್ನೂ ನೆನಪಿಸಿದರು. ಪ್ರಶ್ನೆಗೆ ಉತ್ತರ ಸಿಕ್ಕಲಿಲ್ಲ. 1911ರಲ್ಲಿ ಸರ್ಕಾರ ಪುಸ್ತಕವನ್ನೇ ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಮದರಾಸಿನ ಮುಖ್ಯಮಂತ್ರಿಗಳಾಗಿದ್ದಾಗ.

ಇನ್ನೊಂದು ಜಗಳ ಹೆಂಗಸರಿಬ್ಬರ ನಡುವಿನದು. ಅದೇ ನನ್ನನ್ನು ಹೆಚ್ಚು ಕಾಡುವುದು. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ತಾಯಿಯೂ ದೇವದಾಸಿ ಕುಲದವರೇ. 1927ರಲ್ಲಿ ಮದರಾಸು ಶಾಸನಸಭೆಗೆ ಬಂದ ಅವರು ದೇವದಾಸಿ ಪದ್ಧತಿಯನ್ನು ನಿಲ್ಲಿಸಲೇಬೇಕೆಂದು ಹೋರಾಡಿದರು. ನಾಗರತ್ನಮ್ಮನವರೂ ಅವರ ಸಂಗಡಿಗರೂ ಅದನ್ನು ವಿರೋಧಿಸಿದರು. ನಮ್ಮಲ್ಲಿ ವಿದ್ಯೆಯಿದೆ, ಕಲೆಯಿದೆ, ಹೆಣ್ಣಿಗೆ ಆಸ್ತಿಯ ಹಕ್ಕಿದೆ, ಎಲ್ಲರನ್ನೂ ಒಂದೇ ಕೆಟ್ಟ ಹೆಸರಿನಿಂದ ಕರೆಯಬೇಡಿ ಎಂಬುದು ಅವರ ವಾದ. ಏನೂ ಅರಿಯದ ಮಗುವನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿ ಹೋಗಬೇಕಾದದ್ದೇ. ಆ ವಿಷಯದಲ್ಲಿ ನಾನು ಡಾಕ್ಟರಮ್ಮನವರ ಕಡೆ. ಕಾನೂನೂ 1947ರಲ್ಲಿ ಬಂತು. ಆದರೆ ಪದ್ಧತಿಯನ್ನು ಬಯ್ಯುವ ಭರದಲ್ಲಿ ಅದರೊಳಗಿನ ಹೆಂಗಸರನ್ನೂ ಬಯ್ದರಲ್ಲ, ಆ ಮಾತು ಯಾವ ಕಾನೂನಿಗೂ ಅಗತ್ಯವಿರಲಿಲ್ಲ.

ತಿರುವಯ್ಯಾರಿನ ಕಥೆ ಸಂಗೀತ ಬಲ್ಲವರಿಗೆ ಗೊತ್ತಿದ್ದೀತು. ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಯ ಸುತ್ತಲಿನ ಜಾಗವನ್ನು ಪಡೆದು, ಒಡವೆ ವಸ್ತು ಮಾರಿ ಗುಡಿ ಕಟ್ಟಿಸಿದವರು ನಾಗರತ್ನಮ್ಮ. 1925ರಲ್ಲಿ ಪ್ರತಿಷ್ಠೆಯಾಯಿತು. ಆದರೆ ಆರಾಧನೆ ನಡೆಸುತ್ತಿದ್ದ ಗಂಡಸರ ಎರಡು ಪಂಗಡಗಳಿಗೆ ಒಂದಕ್ಕೊಂದು ಆಗದಿದ್ದರೂ, ಹೆಂಗಸರು ಹಾಡಬಾರದೆನ್ನುವುದರಲ್ಲಿ ಮಾತ್ರ ಭಾರೀ ಒಮ್ಮತ! ಗುಡಿ ಕಟ್ಟಿಸಿದವಳಿಗೇ ಅಲ್ಲಿ ಹಾಡುವ ಹಕ್ಕಿಲ್ಲ. ನಾಗರತ್ನಮ್ಮ ಹೆಂಗಸರನ್ನೇ ಸೇರಿಸಿ ಗುಡಿಯ ಹಿಂಭಾಗದಲ್ಲಿ ಬೇರೆ ಆರಾಧನೆ ಶುರುಮಾಡಿದರು. 1941ರ ಹೊತ್ತಿಗೆ ಮೂರು ಪಂಗಡಗಳೂ ಒಂದಾದವು. ಗಂಡಸರಷ್ಟೇ ಹಕ್ಕು ಹೆಂಗಸರಿಗೂ ಇರತಕ್ಕದ್ದು ಎಂಬ ಷರತ್ತಿನ ಮೇಲೆ ಅವರು ತಮ್ಮ ಆಸ್ತಿಯನ್ನು ಆ ಸೇವೆಗೆ ಬಿಟ್ಟುಹೋದರು. 1952ರಲ್ಲಿ ತೀರಿಕೊಂಡರು. ತ್ಯಾಗರಾಜರ ಸನ್ನಿಧಿಯ ಎದುರಿಗೇ ಅವರ ಸಮಾಧಿಯಿದೆ. ಪುಷ್ಯ ಬಹುಳ ಪಂಚಮಿಯಂದು ಪಂಚರತ್ನ ಹಾಡಲು ಈಗ ಗಂಡಸರೂ ಹೆಂಗಸರೂ ಒಟ್ಟಿಗೆ ಕೂರುತ್ತಾರೆ.

ಮುದ್ದುಪಳನಿಯ ಪೀಠಿಕೆ ಕಿತ್ತ ಸಂಪಾದಕರ ಬಗ್ಗೆ ಓದಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಶಾಲೆಯ ಚಾರ್ಟು. ನಾನು ಮಾಡಿದ್ದೂ ಅದನ್ನೇ ಅಲ್ಲವೇ? ಮಾರನೇ ವರ್ಷ ಅದನ್ನು ಹೊಸದಾಗಿ ಬರೆಸಿದೆ. 'ಗಾಯಕಿ, ಸಂಪಾದಕಿ, ದೇವದಾಸಿ ಕುಲದ ಪುಟ್ಟಲಕ್ಷ್ಮಮ್ಮನವರ ಮಗಳು' ಎಂದು. ಬರೆದ ಹುಡುಗಿ ಕೇಳಿದಳು, "ಮಿಸ್, ಬೇರೆಯವರಿಗೆಲ್ಲ ಅಮ್ಮನ ಹೆಸರು ಬರೆದೇ ಇಲ್ವಲ್ಲ?"